ತನಿಯ ಹೊತ್ತಿನ ಕಾಫಿ

ಸಂಗೀತ ಸಭೆಯೊಂದರ ಕ್ಯಾಂಟೀನಿನಲ್ಲಿ ಒಂದು ಕಾಫಿ ಹಂಡೆಯಿತ್ತು. ಕಛೇರಿಯಲ್ಲಿ ಹಾಡು ನಿಂತು ಮೃದಂಗ ಒಂಟಿಯಾಗಿ ನುಡಿಯುವ ‘ತನಿ’ ಶುರುವಾಯಿತೆಂದರೆ ಕೇಳುಗರು ಎದ್ದು ಬಂದು ಹಂಡೆಯ ಮುಂದೆ ಸಾಲುಗಟ್ಟುತ್ತಿದ್ದರು. ಹಂಡೆಗೆ ಅದೇ ಸುಗ್ಗಿ.

ಊರೂರು ನುಡಿಸಿ, ಶಿಷ್ಯರನ್ನು ತಯಾರು ಮಾಡಿ, ಕಡೆಗೆ ಆ ಮೃದಂಗವೇ ಸಭೆಯ ಕಾರ್ಯದರ್ಶಿಯಾಯಿತು. ಹಂಡೆ ಒಲೆಯೇರುವ ಮೊದಲೇ ಬೆವರಿತು. ಜನ್ಮವಿಡೀ ತನ್ನಿಂದಾದ ಅವಮಾನವನ್ನು ಮೃದಂಗ ಮರೆತೀತೇ?

ಮೃದಂಗ ಕರೆಸಿ ಹೇಳಿತು: “ಹಂಡೆಯಮ್ಮ, ನಾಳೆ ನನ್ನ ಶಿಷ್ಯ ಖಂಜಿರನ ಮೊದಲ ತನಿ. ನೀನು ಸಭಾಂಗಣದ ಬಾಗಿಲಿಗೇ ಬಂದು ಕೂರಬೇಕು.”

“ರಾಯರೇ, ಬಾಗಿಲು ಹಾಕಿಸುವ ಅಧಿಕಾರವೇ ಈಗ ನಿಮ್ಮ ಕೈಯಲ್ಲಿದೆ. ನಾನು ಅಷ್ಟು ಹತ್ತಿರ ಬಂದರೆ ಕೂತವರೂ ಏಳುತ್ತಾರೆ.”

“ಬಾಗಿಲು ಹಾಕಿ ಕೂರಿಸಿದವರು ಗಡಿಯಾರ ನೋಡುತ್ತಾರೆ. ಏಳಬಹುದಾಗಿದ್ದೂ ಕೂತರೆ ನಾನು ಕಲಿಸಿದ್ದು ಸಾರ್ಥಕ. ಏಳುವುದಾದರೆ ಏಳಲಿ. ಏಟು ತಿನ್ನದೆ ನಮ್ಮಲ್ಲಿ ಯಾರ ನಾದ ಹದವಾಗಿದೆ?”

ಮರುದಿನ ಹಂಡೆ ಬಾಗಿಲಲ್ಲಿ ಕೂತಿರಲು ತನಿ ಶುರುವಾಯಿತು. ರೂಢಿಯಂತೆ ಜನ ಎದ್ದರು. ಖಂಜಿರ ಕಂಗೆಡಲಿಲ್ಲ. ಗುರು ಕಲಿಸಿದಂತೆ ಮೊದಲು ಕಿವಿಗೊಟ್ಟಿತು. ಎದ್ದವರ ಹೆಜ್ಜೆಯ ಸಪ್ಪಳಕ್ಕೇ ಜೊತೆಗೂಡಿ ನುಡಿಯಿತು. ಅವರ ಕಾಲು ತಾನಾಗಿ ತಾಳಕ್ಕೆ ಬಿತ್ತು, ಬಾಗಿಲಲ್ಲೇ ನಿಂತಿತು. ಒಬ್ಬೊಬ್ಬರಾಗಿ ಹಿಂದಿರುಗಿ ಕೂತರು.

ಹಿಂದಿನ ಸಾಲಿನಲ್ಲಿ ಮೃದಂಗ ಸದ್ದಿಲ್ಲದೆ ಕೂತಿತ್ತು. ಕಾಫಿ ಕೇಳುವವರೇ ಇಲ್ಲವೆಂದು ದೂರಲು ಹಂಡೆ ಅತ್ತ ತಿರುಗಿತು. ಆದರೆ ಅದರ ಮುಚ್ಚಳ ಆಗಲೇ ತಾಳ ಹಾಕುತ್ತಿತ್ತು.