ತೊಂಬತ್ತನಾಲ್ಕನೆಯ ಮೊಳೆ

ಹೊಳೆಯ ದಂಡೆಯ ಆಶ್ರಮದಲ್ಲಿ ಬಸವಂತನೆಂಬ ಶಿಷ್ಯನಿದ್ದ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಆಮೇಲೆ ಆರು ವರ್ಷ ಧ್ಯಾನವನ್ನೂ ಮಾಡಿದ್ದ. ಎರಡರಿಂದಲೂ ಅವನ ನಿದ್ದೆ ಸುಧಾರಿಸಿರಲಿಲ್ಲ.

ಸೇತುವೆಯಾದ ಮೇಲೆ ದಂಡೆಯಲ್ಲಿ ಬಿದ್ದಿದ್ದ ಹಳೆಯ ದೋಣಿಯನ್ನು ಬಿಚ್ಚಿ, ಆ ಹಲಗೆಗಳಿಂದ ಊರ ಮಕ್ಕಳಿಗಾಗಿ ಸೊಪ್ಪು ಬೆಳೆಯಲು ಮೊಳಕಾಲೆತ್ತರದ ನಾಲ್ಕು ಮಡಿ ಕಟ್ಟಿದ. ಮೊಳೆ ಕಿತ್ತ ತೂತಿಗೆಲ್ಲ ಸುಣ್ಣದ ಚುಕ್ಕೆ. ಕಿತ್ತ ಮೊಳೆ ಡಬ್ಬಿಗೆ. ಮೊಳೆ ಕಿತ್ತ ಜಾಗದಲ್ಲೇ ರಾಶಿ ಹಾಕಿದ್ದ ಮಣ್ಣು, ಗೊಬ್ಬರವನ್ನು ಮಡಿಗಳಿಗೆ ತುಂಬಿದ. ಸಂಜೆಯ ಪ್ರಾರ್ಥನೆಯಲ್ಲಿ ಎದ್ದು ನಿಂತು, ನಾಳೆ ಮಕ್ಕಳು ಬಂದು ಮೆಂತ್ಯ ಬಿತ್ತಬಹುದು ಎಂದು ಸಾರಿದ.

ಸಾರಿದ ಮೇಲೆ ಎಣಿಸಿದ. ಚುಕ್ಕೆ ತೊಂಬತ್ತನಾಲ್ಕು. ಮೊಳೆ ತೊಂಬತ್ತಮೂರು.

ಮತ್ತೆ ಎಣಿಸಿದ. ಮೊಳೆ ಹೆಚ್ಚಲಿಲ್ಲ.

ಒಂದೊಂದೂ ಬೆರಳುದ್ದ, ತುಕ್ಕು ಹಿಡಿದದ್ದು. ಬರುವ ಮಕ್ಕಳು ಬರಿಗಾಲಿನವರು. ಡಬ್ಬಿ ಮುಚ್ಚಿ ಗುರುಗಳನ್ನು ಹುಡುಕಿಕೊಂಡು ಹೋದ.

ಗುರುಗಳು ಕಟ್ಟೆಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು.

"ಅಜ್ಜಾರ, ಮನುಷ್ಯಾಗ ನಿಶ್ಚಿಂತಿ ಹೆಂಗ ಬರತೈತ್ರಿ?"

"ಏನು ಕಳದೈತಿ?"

"ಅಂದ್ರ?"

"ನೀ ತತ್ವ ಕೇಳಾಕ ಬಂದಿ ಅಂದ್ರ ಏನರ ಕಳದಿರತೈತಿ."

ಬಸವಂತ ಹೇಳಿದ. ಹೇಳಿ ಸುಮ್ಮನಾಗಲೂ ಇಲ್ಲ. "ಹೊಳಿ ಮರಳಾಗ ಬಿದ್ದಿದ್ದರೂ ಬಿದ್ದಿರಬೇಕ್ರಿ. ನಾಕೂ ಮಡಿ ಖಾಲಿ ಮಾಡಿದ್ರ ನಾಳಿ ಬಿತ್ತನಿ ಆಗೂದಿಲ್ಲ. ಎಲ್ಲಾರ ಮುಂದ ಹೇಳೇನಿ. ಒಂದ ಮೊಳಿರಿ! ತೊಂಬತ್ತಮೂರು ತಗದೇನಲ್ಲ."

ಗುರುಗಳು ಎದ್ದರು. ಚಪ್ಪಲಿ ಕಳಚಿ ಮೊದಲ ಮಡಿಯೊಳಗೆ ಕಾಲಿಟ್ಟರು. ಎಂಬತ್ತರ ಮುದುಕ. ಮೆತ್ತನೆಯ ಮಣ್ಣಿನಲ್ಲಿ ಹಿಮ್ಮಡಿ ಊರಿ ಊರಿ ನಡೆದರು.

"ಅಜ್ಜಾರ, ಇಳೀರಿ!"

"ಯಾಕ? ತೊಂಬತ್ತಮೂರು ತಗದಿ."

"ಕಾಲು! ಕಾಲು ನೋಡ್ರಿ!" ಗುರುಗಳೆಂಬುದನ್ನೂ ಮರೆತು ಬಸವಂತ ಅವರ ರಟ್ಟೆ ಹಿಡಿದು ಎಳೆದ.

ಗುರುಗಳು ಇಳಿದು ಪಾದ ಕೊಡವಿಕೊಂಡರು. "ನನ್ನೊಬ್ಬನ್ನ ಹಿಡದಿ. ನಾಳಿ ಹತ್ತೊಂಬತ್ತು ಮಂದಿ ಬರತಾರ."

ಬೆಳಿಗ್ಗೆ ಮಕ್ಕಳು ಬಂದಾಗ ಎರಡು ಮಡಿಯ ಮಣ್ಣು ನೆಲದ ಮೇಲಿತ್ತು. ಬಸವಂತ ಜರಡಿ ಹಿಡಿದು ಕೂತಿದ್ದ.

"ಮಾಮಾ, ಮೆಂತ್ಯ ಅಂದಿದ್ದಿ, ಗುಡ್ಡಾ ಬೆಳದೀಯಲ್ಲ!" ಎಂದಳು ಒಂಬತ್ತು ವರ್ಷದ ಕಸ್ತೂರಿ. ಮಕ್ಕಳೆಲ್ಲ ನಕ್ಕರು.

"ತಪ್ಪು ನಂದವ್ವ. ಮಣ್ಣಾಗ ಮೊಳಿ ಉಳದೈತಿ. ಯಾರೂ ಮುಟ್ಟಬ್ಯಾಡ್ರಿ." ಹೇಳಿದವನು ಮುಖ ಎತ್ತಲಿಲ್ಲ.

ಬಿಸಿಲೇರಿತು. ಎರಡನೆಯ ಮಡಿಯ ಕೊನೆಯ ಬುಟ್ಟಿಯಲ್ಲಿ ಜರಡಿ ಠಣ್ಣೆಂದಿತು.

"ಸಿಕ್ತು ಅಜ್ಜಾರ! ತೊಂಬತ್ತನಾಲ್ಕು! ಲೆಕ್ಕ ಸರಿ ಆತು!" ಬಸವಂತನಿಗೆ ಆಗ ಉಸಿರು ಬಂತು. "ಬರ್ರಿ ಮಕ್ಕಳ, ಉಳದ ಎರಡು ಮಡಿಯಾಗ ಬಿತ್ತೂಣು!"

ಮಕ್ಕಳು ಓಡಿದರು. ಗುರುಗಳು ಕೋಲು ಅಡ್ಡ ಹಿಡಿದರು. ಜರಡಿ ಇಸಿದುಕೊಂಡು ಮೂರನೆಯ ಮಡಿಯ ಮುಂದೆ ಕೂತರು.

"ಇನ್ಯಾಕ್ರಿ ಅಜ್ಜಾರ? ಎಲ್ಲಾ ಸಿಕ್ಕಾವಲ್ಲ."

ಗುರುಗಳು ಜರಡಿ ಆಡಿಸಿದರು.

"ಅಜ್ಜಾ, ನಮ್ಮ ಮೆಂತ್ಯ!" ಮಕ್ಕಳು ಗೊಣಗಿದರು.

ಮೂರನೆಯದರಲ್ಲಿ ಏನೂ ಇರಲಿಲ್ಲ. ಬಸವಂತ ಮಕ್ಕಳ ಮುಖ ನೋಡಿದ, ಸೂರ್ಯನನ್ನು ನೋಡಿದ, ನಿಟ್ಟುಸಿರುಬಿಟ್ಟ. ಗುರುಗಳು ನಾಲ್ಕನೆಯದಕ್ಕೆ ಸರಿದರು. ಒಂದು ಬುಟ್ಟಿ, ಎರಡು ಬುಟ್ಟಿ.

ಮೂರನೆಯ ಬುಟ್ಟಿಗೆ ಜರಡಿ ಮತ್ತೆ ಠಣ್ಣೆಂದಿತು.

ಬೆರಳುದ್ದದ ಮೊಳೆ, ಸೊಟ್ಟಗೆ. ಬಸವಂತ ಅದನ್ನೇ ನೋಡುತ್ತ ನಿಂತ. ಅದರ ತೂತಿಗೆ ಅವನು ಚುಕ್ಕೆಯನ್ನೇ ಇಟ್ಟಿರಲಿಲ್ಲ.

ಗುರುಗಳು ಮೊಳೆಯನ್ನು ಅವನ ಅಂಗೈಯಲ್ಲಿಟ್ಟರು.

"ನಿನ್ನೆ ನಿನ್ನ ಲೆಕ್ಕ ಸರಿ ಬಂದಿದ್ದರ, ಇಷ್ಟೊತ್ತಿಗೆ ಈ ಮೊಳಿ ಮ್ಯಾಲನ ಬಿತ್ತನಿ ಮುಗದಿರತಿತ್ತು."