ದೊರೆಯ ಕಿವಿ ಊರು ಸೇರಿದ್ದು

ಒಂದೂರಿತ್ತಂತೆ. ನಮ್ಮ ಕಡೆಯದಲ್ಲ. ಬಡಗಲಿಗೆ ನಡೆದು ನಡೆದು ಚಪ್ಪಲಿ ಸವೆದು, ಆಮೇಲೆ ಹಿಮ್ಮಡಿಯೂ ಸವೆದರೆ ಸಿಗುತ್ತದಂತೆ ಸಿಂಧೂ ಹೊಳೆ. ಅದರ ದಂಡೆಯ ಮೇಲಿನ ಊರು. ಆ ಊರಿಗೊಬ್ಬ ದೊರೆ ಇದ್ದನಂತೆ, ಆದರೆ ಅವನ ಮುಖ ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲವಂತೆ. ಪಡುವಣಕ್ಕೆ ಬೆಟ್ಟ ದಾಟಿ, ಮರಳುಗಾಡು ದಾಟಿ, ಮತ್ತೆ ಬೆಟ್ಟ ದಾಟಿದರೆ ಪಾರಸೀಕರ ನಾಡು. ಅವನು ಅಲ್ಲಿ ಕೂತು ಇಲ್ಲಿ ಆಳುತ್ತಿದ್ದನಂತೆ.

ಅದು ಹೇಗೆ ಅಂತೀರಾ? ಒಬ್ಬ ಸುಬೇದಾರನನ್ನು ಕಳಿಸಿ ಮಣ್ಣಿನ ಕೋಟೆಯಲ್ಲಿ ಕೂರಿಸಿದ್ದನಂತೆ. ಆ ಸುಬೇದಾರ ಹೊಳೆ ಮರಳು ಜಾಲಿಸಿ ತೆಗೆದ ಹೊನ್ನಿನ ಪುಡಿ ಕೇಳುತ್ತಿದ್ದ. ಕುದುರೆ ಕೇಳುತ್ತಿದ್ದ, ದೋಣಿ ಕೇಳುತ್ತಿದ್ದ. ಕೊನೆಗೆ ಬಿತ್ತನೆಗೆ ಅಂತ ಎತ್ತಿಟ್ಟ ಕಾಳನ್ನೂ ಕೇಳುತ್ತಿದ್ದ. "ನನಗಲ್ಲಪ್ಪ, ದೊರೆಗೆ" ಅಂತ ಪಡುವಣಕ್ಕೆ ಬೆರಳು ತೋರಿಸುತ್ತಿದ್ದ. ಊರವರು ಕೊಟ್ಟು, ಮನೆಗೆ ಬಂದು, ಕಾಣದ ದೊರೆಯನ್ನು ಬಾಯಿತುಂಬ ಬೈಯುತ್ತಿದ್ದರಂತೆ. ಬೈದರೆ ಹೊಟ್ಟೆ ತುಂಬುವುದಿಲ್ಲ, ಎದೆಯಾದರೂ ಹಗುರಾಗುತ್ತದಲ್ಲ.

ಹೀಗಿರಲಾಗಿ ಒಂದು ದಿನ ಕೋಟೆಯಿಂದ ಡಂಗುರ ಬಂತಂತೆ.

"ಕೇಳಿರಪ್ಪೋ ಕೇಳಿ! ದೊರೆಯ ಕಿವಿ ಈ ಊರು ಸೇರಿದೆ. ನಿಮ್ಮ ಜೊತೆಯೇ ಉಣ್ತದೆ, ನಿಮ್ಮ ಜೊತೆಯೇ ನಗ್ತದೆ. ನೀವು ಆಡಿದ್ದೆಲ್ಲ ದೊರೆಗೆ ಮುಟ್ಟಿಸ್ತದೆ. ಯಾರು ಅನ್ನೋದು ಸುಬೇದಾರರಿಗೂ ಗೊತ್ತಿಲ್ಲ. ಬಾಯಿ ಜೋಪಾನ!"

ಅಷ್ಟೇ ನೋಡಿ. ಊರಿನ ಬಾಯಿಗೆ ಬೀಗ ಬಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ಹಗ್ಗ ಎಳೆಯುತ್ತಾ ಒಬ್ಬರ ಕಿವಿಯನ್ನು ಒಬ್ಬರು ನೋಡುತ್ತಿದ್ದರಂತೆ, ಯಾರದು ದೊಡ್ಡದಿದೆ ಅಂತ. ಒಬ್ಬ ಗಂಡ ಹೆಂಡತಿಯ ಮಗ್ಗುಲಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದನಂತೆ, ಕನವರಿಸಿದರೆ ಗತಿ ಏನು ಅಂತ. ಇನ್ನೊಬ್ಬಳು ಸಾಕಿದ ಗಿಣಿಯನ್ನು ಹಾರಿಬಿಟ್ಟಳಂತೆ. ಒಬ್ಬ ಕಿವುಡ ತಾತ ಇದ್ದ. ಮನಸ್ಸು ತಡೆಯದವರೆಲ್ಲ ಅವನ ಹತ್ತಿರ ಹೋಗಿ ಹೇಳಿಕೊಂಡು ಬರುತ್ತಿದ್ದರು. ಆಮೇಲೆ ಅವರಿಗೇ ಭಯ ಹತ್ತಿತು, ಈ ಮುದುಕ ನಿಜಕ್ಕೂ ಕಿವುಡನೋ ಅಲ್ಲವೋ ಅಂತ. ಅವನ ಬೆನ್ನ ಹಿಂದೆ ಮಡಕೆ ಒಡೆದು ನೋಡಿದರಂತೆ. ತಾತ ಅಲ್ಲಾಡಲಿಲ್ಲ. "ಅಲ್ಲಾಡದೆ ಇರೋದು ಕಲಿತಿದ್ದಾನೆ" ಅಂದರು ಜನ!

ಇಷ್ಟಾದರೂ ಹೋಗುವವರು ಹೋಗುತ್ತಲೇ ಇದ್ದರು. ದೊರೆಯ ಕುದುರೆಯವರು ಧೂಳೆಬ್ಬಿಸಿಕೊಂಡು ಬರೋದು, ದೊರೆಯನ್ನು ಬೈದವನ ಮನೆ ಮುಂದೆ ನಿಲ್ಲೋದು, ಹೆಡೆಮುರಿ ಕಟ್ಟಿ ಒಯ್ಯೋದು. ಕಮ್ಮಾರನನ್ನು ಒಯ್ದರು. ಕುರಿ ಕಾಯುವವನನ್ನು ಒಯ್ದರು. ಆಮೇಲೆ ದೋಣಿ ನಡೆಸುವ ಸುದಾಸನನ್ನೂ ಒಯ್ದರು.

ಸುದಾಸನ ತಾಯಿ ಮಾದ್ರವ್ವ. ಒಬ್ಬನೇ ಮಗ. ಅವನ ಹೆಂಡತಿಯ ಹೆಸರು ಹುಮಾಯಾ. ಪಡುವಣದಿಂದ ಒಂಟೆ ಹೊಡೆದುಕೊಂಡು ಬಂದ ಒಬ್ಬನ ಮಗಳು. ಸುದಾಸ ಹೊಳೆ ದಾಟಿಸುವಾಗ ನೋಡಿ ಮೆಚ್ಚಿ ಕಟ್ಟಿಕೊಂಡಿದ್ದ. ಮಾದ್ರವ್ವನ ನಾಲಿಗೆಗೆ ಆ ಹೆಸರು ಹೊರಳದೆ "ಹೂವಮ್ಮ" ಅಂತ ಕರೆಯುತ್ತಿದ್ದಳಂತೆ.

ಆ ಹೂವಮ್ಮನ ನಡೆ ಊರಿಗೆ ವಿಚಿತ್ರ. ಹೊಳೆಯಲ್ಲಿ ಕೈ ಅದ್ದುತ್ತಿರಲಿಲ್ಲ. ಕೊಡದಲ್ಲಿ ನೀರು ಮೊಗೆದು, ದೂರ ಹೋಗಿ ಮರಳ ಮೇಲೆ ಸುರಿದು ತೊಳೆಯುತ್ತಿದ್ದಳು. ಒಲೆ ಹತ್ತಿಸುವಾಗ ಬಾಯಿಂದ ಊದುತ್ತಿರಲಿಲ್ಲ, ಗರಿಯಿಂದ ಬೀಸುತ್ತಿದ್ದಳು, ಅದೂ ಸೆರಗು ಬಾಯಿಗೆ ಹಿಡಿದು. ಮೊದಲೆಲ್ಲ ಜನ ಇದನ್ನು ನೋಡಿ ನಗುತ್ತಿದ್ದರು. ಸುದಾಸನನ್ನು ಒಯ್ದ ಮೇಲೆ ನಗು ನಿಂತಿತು.

"ಅವನು ದೊರೆಯನ್ನು ಬೈದಿದ್ದು ಎಲ್ಲಿ? ಮನೇಲಿ ತಾನೆ?" ಅಂದಳು ಒಬ್ಬಳು.

"ಮನೇಲಿ ಕೇಳಿಸ್ಕೊಂಡಿದ್ದು ಯಾರು?" ಅಂದಳು ಇನ್ನೊಬ್ಬಳು.

ಅಷ್ಟಕ್ಕೆ ಮುಗಿಯಿತು. ಊರ ಯಜಮಾನ ಕೇಕಯ್ಯ ಹುಡುಗಿಯನ್ನು ಹೊಳೆ ದಂಡೆಗೆ ಕರೆಸಿದ. ಆ ಊರಿನ ಆಣೆ ಹೀಗಿತ್ತಂತೆ: ಮೊಣಕಾಲುದ್ದ ನೀರಿಗೆ ಇಳಿಯಬೇಕು, ಬಾಯಿತುಂಬ ಹೊಳೆ ನೀರು ತುಂಬಿಕೊಳ್ಳಬೇಕು, "ನಾನು ತಪ್ಪಿದ್ದರೆ ಹೊಳೆ ನನ್ನನ್ನ ನುಂಗಲಿ" ಅಂತ ಮನಸ್ಸಲ್ಲಿ ಅಂದುಕೊಂಡು ತಿರುಗಿ ಹೊಳೆಗೇ ಉಗಿಯಬೇಕು. ಕಳ್ಳರು, ಸುಳ್ಳರು, ಗಡಿ ಒತ್ತಿದವರು, ಎಲ್ಲರಿಗೂ ಅದೇ ಆಣೆ.

ಹುಮಾಯಾ ನೀರಿನ ಅಂಚಿಗೆ ಬಂದು ನಿಂತಳು. ಕಾಲು ಮುಂದೆ ಬರಲಿಲ್ಲ.

"ಆಗಲ್ಲ ಯಜಮಾನರೇ. ಬೇರೆ ಏನು ಬೇಕಾದ್ರೂ ಕೇಳಿ."

ಆಗ ಉಪ್ಪಿನ ಸೌವೀರ ಮುಂದೆ ಬಂದ. ಕತ್ತೆ ಮೇಲೆ ಉಪ್ಪು ಹೇರಿಕೊಂಡು ಊರೂರು ಸುತ್ತುವವನು, ಯಾವ ಮದುವೆಯಲ್ಲಿ ನೋಡಿದರೂ ಮುಂದಿನ ಸಾಲಲ್ಲಿ ಕೂತು ನಗಿಸುವವನು. ದೊರೆಯನ್ನು ಬೈಯುವುದರಲ್ಲಂತೂ ಅವನನ್ನು ಮೀರಿಸಿದವರಿಲ್ಲ. "ಇದೇನು ಮಹಾ ಕಣಮ್ಮಾ, ಹಲ್ಲು ತಿಕ್ಕಿದಷ್ಟು ಸುಲಭ! ಇಲ್ನೋಡು" ಅಂತ ಧೋತರ ಎತ್ತಿ ನೀರಿಗಿಳಿದ, ಬಾಯಿ ತುಂಬಿಕೊಂಡ, ಪುರ್ರ್ ಅಂತ ಉಗಿದ. ಜನ ಎಷ್ಟೋ ದಿನಕ್ಕೆ ನಕ್ಕರು.

ಹುಡುಗಿ ಮಾತ್ರ ಅಳುತ್ತಾ ನಿಂತಳು.

"ನಾಳೆ ಬೆಳಗಾಗೋದ್ರೊಳಗೆ ಮನಸ್ಸು ಮಾಡ್ಕೋ" ಅಂದ ಕೇಕಯ್ಯ. "ಆಣೆ ಮಾಡದಿದ್ರೆ ಹುಟ್ಟಿಲ್ಲದ ದೋಣೀಲಿ ಕೂರಿಸಿ ಹೊಳೆಗೆ ಬಿಡ್ತೀವಿ. ನಿನ್ನ ದೊರೆ ಬಂದು ಎತ್ಕೊಳ್ಳಲಿ."

ಸಿಂಧೂ ಹೊಳೆ ಅಂದರೆ ನಮ್ಮ ಹಳ್ಳದ ಹಾಗಲ್ಲ ಕಣ್ರವ್ವ. ಹುಟ್ಟಿಲ್ಲದೆ ಹೋದವರು ತಿರುಗಿ ಬಂದದ್ದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಸೊಸೆ ಒಲೆ ಮುಂದೆ ಕೂತರು. ರೊಟ್ಟಿ ಇತ್ತು, ಇಬ್ಬರೂ ಮುರಿಯಲಿಲ್ಲ.

"ನೀವೂ ನನ್ನ ಮೇಲೆ ಅನುಮಾನ ಪಡ್ತಿದೀರಾ ಅತ್ತೆ?"

ಮಾದ್ರವ್ವ ಕೊಳ್ಳಿಯನ್ನು ಒಲೆಯೊಳಗೆ ತಳ್ಳಿದಳು. ಅನುಮಾನ ಇತ್ತಲ್ಲ, ಏನಂತಾಳೆ? ಮಗ ಹೋದ ಮನೆ. ಆಮೇಲೆ ಕೇಳಿದಳು, "ಒಂದು ಬಾಯಿ ನೀರು ಉಗಿಯೋಕೆ ನಿನಗೇನು ಕೇಡು?"

"ನೀರು ನಮಗೆ ತಾಯಿ ಅತ್ತೆ. ನಿಮ್ಮ ಮುಖಕ್ಕೆ ಉಗಿ ಅಂದ್ರೆ ಉಗೀತೀನಾ? ಬೆಂಕಿಯೂ ಹಾಗೇನೆ. ಅದಕ್ಕೆ ನಮ್ಮ ಎಂಜಲು ಉಸಿರು ತಾಗಬಾರದು. ಹಾಲು ಕುಡಿಯೋ ವಯಸ್ಸಿಂದ ಅಮ್ಮ ಬೆಂಕಿ ಹತ್ರ ನಮ್ಮ ಬಾಯಿ ಮುಚ್ಚುತ್ತಿದ್ಲು. ಇಲ್ಲಿ ನೀವೆಲ್ಲ ನಗ್ತೀರ ಅಂತ ಬಿಡೋಕೆ ನೋಡ್ದೆ. ಆಗಲ್ಲ. ಕೆಮ್ಮು ಬರೋಕೆ ಮುಂಚೆ ಕೈ ಬಂದಿರ್ತದೆ."

"ಕೋಟೆ ಸಿಪಾಯಿಗಳೂ ಹೊಳೇಲಿ ಕೈ ತೊಳೆಯಲ್ಲ."

"ಅವರೂ ನಮ್ಮ ನಾಡಿನವರೇ."

ಮಾದ್ರವ್ವ ಸೊಸೆಯ ಮುಖ ನೋಡಿದಳು. ನೋಡು, ಬಾಯಿಬಿಟ್ಟಳು ಅಂದುಕೊಂಡಳು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ದೊರೆ ತನ್ನ ಕಿವಿಯನ್ನು ಕಳಿಸುವವನು ತನ್ನ ನಾಡಿನವನನ್ನೇ ಕಳಿಸಿರಬೇಕು. ಬಂದವನು ಬಚ್ಚಿಟ್ಟುಕೊಳ್ಳಲು ಬಂದವನು. ನಮ್ಮ ಹಾಗೆ ಉಣ್ಣಲು ಕಲಿತಿರುತ್ತಾನೆ, ನಮ್ಮ ಹಾಗೆ ಉಗಿಯಲು ಕಲಿತಿರುತ್ತಾನೆ. ಈ ಹುಚ್ಚಿ ಏನನ್ನೂ ಬಚ್ಚಿಟ್ಟಿಲ್ಲವಲ್ಲ!

"ಕೆಮ್ಮು ಬರೋಕೆ ಮುಂಚೆ ಕೈ ಬರ್ತದೆ ಅಂದೆಯಾ?" ಅಂದಳು.

"ಹೂಂ ಅತ್ತೆ."

"ರೊಟ್ಟಿ ತಿನ್ನು."

ಬೆಳಗಾಯಿತು. ಊರೆಲ್ಲ ದಂಡೆಯಲ್ಲಿ. ಹುಟ್ಟಿಲ್ಲದ ದೋಣಿಯೂ ಕಾದಿತ್ತು. ಮಾದ್ರವ್ವ ಬೆಂಕಿ ಮಡಕೆ ಹೊತ್ತು ಬಂದು ಮರಳ ಮೇಲೆ ಇಟ್ಟಳು. ಮೇಲೆ ಹಸಿ ಬೆರಣಿ ಮುರಿದು ಹಾಕಿದಳು. ಹೊಗೆ ಗುಪ್ ಅಂತ ಎದ್ದಿತು.

"ಯಜಮಾನರೇ, ನನ್ನ ಸೊಸೆ ಬೆಂಕಿ ಮುಂದೆ ಆಣೆ ಮಾಡ್ತಾಳೆ. ಅವಳಿಗೆ ಅದೇ ದೊಡ್ಡದು. ಆದ್ರೆ ಅವಳೊಬ್ಬಳೇ ಯಾಕೆ? ಕಿವಿ ಅನ್ನೋದು ಎಲ್ಲರಿಗೂ ಎರಡೆರಡಿದೆ. ಎಲ್ಲರೂ ಮಾಡಿ. ಅವಳು ಕೊನೆಗೆ."

"ಮುದುಕಿಗೆ ಸೊಸೆ ಮೇಲೆ ಮೋಹ" ಅಂದರು ಕೆಲವರು. ಆದರೆ ಮಾಡಲ್ಲ ಅಂದವನ ಮೇಲೆ ಅನುಮಾನ ಬರುತ್ತದಲ್ಲ, ಯಾರೂ ಬೇಡ ಅನ್ನಲಿಲ್ಲ. ಮಾದ್ರವ್ವ ಕೇಕಯ್ಯನ ಪಕ್ಕ ನಿಂತು ಮೆಲ್ಲಗೆ ಹೇಳಿದಳು, "ಬಾಯಿ ಆಡೋದು ಕೇಳಬೇಡಿ. ಕೈ ನೋಡಿ."

ಒಬ್ಬೊಬ್ಬರೇ ಬಂದು ಮಡಕೆ ಮುಂದೆ ಬಗ್ಗಿ "ನಾನು ದೊರೆಯ ಕಿವಿಯಲ್ಲ" ಅನ್ನುತ್ತಿದ್ದರು. ಅನ್ನುವ ಹೊತ್ತಿಗೆ ಮಾದ್ರವ್ವ ಬೆಂಕಿಗೆ ಒಂದು ಚಿಟಿಕೆ ಸಾಸಿವೆ ಹಾಕುತ್ತಿದ್ದಳು. ಘಾಟು! ಕುಂಬಾರ ಬೂದಿ ಹಾರುವಂತೆ ಕೆಮ್ಮಿದ. ಅವನ ಹೆಂಡತಿ ಬೆಂಕಿಯೊಳಗೇ ಸೀನಿದಳು. ಕಿವುಡ ತಾತನನ್ನೂ ತಂದು ಬಗ್ಗಿಸಿದರು. ಅವನು ಕೆಮ್ಮಿ, ಉಗಿದು, "ಏನು ಅಡುಗೆ?" ಅಂತ ಕೇಳಿದನಂತೆ.

ಸೌವೀರ ಬಂದ. "ಮಾದ್ರವ್ವಾ, ನಮ್ಮನ್ನೇನು ಸುಟ್ಟು ತಿಂತೀಯಾ?" ಅಂತ ನಗುತ್ತಾ ಬಗ್ಗಿದ. ಚಿಟಿಕೆ ಸಾಸಿವೆ ಬಿತ್ತು. ಗಂಟಲು ಉಬ್ಬಿತು. ಕೆಮ್ಮು ಹೊರಗೆ ಬರುವ ಮೊದಲೇ ಅಂಗೈ ಬಾಯಿ ಮೇಲೆ ಬಂದಿತ್ತು, ಮುಖ ಪಕ್ಕಕ್ಕೆ ಹೊರಳಿತ್ತು. ಮರುಗಳಿಗೆಯಲ್ಲೇ ಆ ಕೈಯಿಂದ ಮೀಸೆ ಸವರಿಕೊಂಡ. "ಅಬ್ಬಾ ಘಾಟೇ" ಅಂತ ನಕ್ಕು ಆಚೆ ಹೋದ.

ಕೇಕಯ್ಯ ನೋಡಿದ. ಮಾದ್ರವ್ವ ನೋಡಿದಳು. ಇಬ್ಬರೂ ಹೊಳೆ ಕಡೆ ತಿರುಗಿ ನಿಂತರು.

ಕೊನೆಗೆ ಹುಮಾಯಾ ಬಂದಳು. ಸೆರಗು ಬಾಯಿಗೆ ಹಿಡಿದಳು. "ನನ್ನ ಗಂಡನ ಮಾತು ನನ್ನ ಬಾಯಿಂದ ಯಾರಿಗೂ ಹೋಗಿಲ್ಲ. ಹೋಗಿದ್ರೆ ಈ ಬೆಂಕಿ ನನ್ನ ಮನೆ ಸುಡಲಿ" ಅಂದಳು.

ಕೇಕಯ್ಯ ಕೈ ಎತ್ತಿದ. "ಆಣೆ ಆಯ್ತು. ಈ ಹುಡುಗಿ ನಿರ್ದೋಷಿ. ಎಲ್ಲರೂ ಮನೆಗೆ ನಡೀರಿ." ಸೌವೀರನೂ ಎಲ್ಲರ ಜೊತೆ ಮನೆಗೆ ಹೋದ.

ಜನ ಚದುರಿದ ಮೇಲೆ ಕೇಕಯ್ಯ ಕೇಳಿದ, "ಅವ್ವಾ, ಇಬ್ಬರೂ ಒಂದೇ ನಾಡಿನೋರು. ಇವಳಿಗೂ ಕೈ ಬಂತು, ಅವನಿಗೂ ಬಂತು. ಇವಳನ್ನ ಹೇಗೆ ನಂಬೋದು?"

"ಇವಳು ಸಾಯೋಕೆ ಸಿದ್ಧಳಾದಳು, ನೀರಿಗೆ ಉಗೀಲಿಲ್ಲ. ಅವನು ನೀವು ಕೇಳೋಕೆ ಮುಂಚೆ ಇಳಿದು ಉಗಿದ, ನಕ್ಕ. ನಮ್ಮ ನಡುವೆ ಕೂರೋದಕ್ಕೆ ತನ್ನ ತಾಯಿ ಮುಖಕ್ಕೆ ಉಗಿದವನು ನಮ್ಮಿಂದ ಏನು ಬಯಸ್ತಾನೆ, ಹೇಳಿ? ನನ್ನ ಮಗನನ್ನ ಒಯ್ಯೋಕೆ ಮುಂಚೆ ಅವನ ದೋಣೀಲಿ ದಾಟಿದ್ದೂ ಈ ಸೌವೀರನ ಉಪ್ಪಿನ ಮೂಟೆಯೇ, ಮಗ ಅಲ್ಲೂ ದೊರೆಯನ್ನ ಬೈದಿರ್ತಾನೆ. ದೊರೆಯನ್ನ ಅಷ್ಟು ಬೈತಾನಲ್ಲ, ಅವನನ್ನ ಯಾಕೆ ಒಯ್ಯಲಿಲ್ಲ?"

ಕೇಕಯ್ಯ ಹಲ್ಲು ಕಡಿದ. "ಇವತ್ತೇ ಹೊಳೆಗೆ ನೂಕಿಬಿಡ್ತೀನಿ."

"ನೂಕಿದ್ರೆ ದೊರೆ ಊರು ಸುಡ್ತಾನೆ. ಆಮೇಲೆ ಇನ್ನೊಂದು ಕಿವಿ ಬರ್ತದೆ, ಅದನ್ನ ಹುಡುಕಿಕೊಂಡು ಕೂರೋಣವಾ? ಇರಲಿ ಬಿಡಿ."

ಮನೆಗೆ ಬಂದರೆ ಸೊಸೆ ಖಾಲಿ ಕಣಜದ ಮುಂದೆ ನಿಂತಿದ್ದಳು. "ಅತ್ತೆ, ಬಹಳ ದಿನದಿಂದ ಕೇಳಬೇಕು ಅಂತಿದ್ದೆ, ಹೆದರಿ ಸುಮ್ಮನಿದ್ದೆ. ಬಿತ್ತನೆ ಕಾಳು ದೊರೆಗೆ ಅಂತಾರಲ್ಲ ಸುಬೇದಾರರು? ನಮ್ಮ ನಾಡಲ್ಲಿ ದೊರೆ ಬಿತ್ತನೆ ಕಾಳು ಮುಟ್ಟೋದಿಲ್ಲ. ಮುಟ್ಟಿದ್ರೆ ಅವನನ್ನ ದೊರೆ ಅನ್ನೋದಿಲ್ಲ. ಭಿಕಾರಿ ಅಂತಾರೆ."

ಮಾದ್ರವ್ವ ಅಲ್ಲೇ ಕೂತುಬಿಟ್ಟಳಂತೆ. ಇಷ್ಟು ವರ್ಷ ಬೈದದ್ದು ಯಾರನ್ನ, ಬೈಯಬೇಕಾಗಿದ್ದು ಯಾರನ್ನ!

ಅವತ್ತೇ ಊರಲ್ಲಿ ಒಂದು ಪಿಸುಮಾತು ಹೊರಟಿತು, ಬಾವಿಯಿಂದ ಒರಳಿಗೆ, ಒರಳಿಂದ ಹಿತ್ತಿಲಿಗೆ. ದಾರಿಯಲ್ಲಿ ಅದು ಕೋಟೆಗೂ ಹೋಗಲಿಲ್ಲ, ಉಪ್ಪಿನವನ ಮನೆಗೂ ಹೋಗಲಿಲ್ಲ. ಒಬ್ಬರನ್ನೊಬ್ಬರು ನಂಬದ ಊರು ಅದೊಂದನ್ನು ಮಾತ್ರ ಹೊಟ್ಟೆಯೊಳಗೆ ಇಟ್ಟುಕೊಂಡಿತಂತೆ.

ಮಾರನೆಯ ದಿನ ಮಾದ್ರವ್ವ ಸೆರಗಲ್ಲಿ ಹಿಡಿ ಕಾಳು ಕಟ್ಟಿಕೊಂಡು ಸೌವೀರನ ಹತ್ತಿರ ಹೋದಳು. "ಸೌವೀರಪ್ಪ, ನೀನು ಪಡುವಣದ ದಾರೀಲಿ ತಿರುಗೋನು. ಯಾರ ಕೈಲಾದ್ರೂ ಇದನ್ನ ದೊರೆಗೆ ಮುಟ್ಟಿಸು."

"ದೊರೆಗಾ? ಹಿಡಿ ಕಾಳಾ?"

"ಪಾಪ ಕಣಪ್ಪ. ಬಿತ್ತನೆ ಕಾಳು ತಿಂದು ಬದುಕೋ ಗತಿ ಬಂದಿದೆಯಂತಲ್ಲ ಅವನಿಗೆ. ಸುಬೇದಾರರು ಬಂದಾಗೆಲ್ಲ ದೊರೆಗೆ, ದೊರೆಗೆ ಅಂತ ತುಂಬ್ಕೊಂಡು ಹೋಗ್ತಾರೆ. ಮಕ್ಕಳು ಮರಿ ಇರೋ ಮನೆ, ಏನು ಕಷ್ಟವೋ. ನನಗೆ ರಾತ್ರಿ ನಿದ್ದೆ ಹತ್ತಲ್ಲ."

ಸೌವೀರನ ಮುಖ ಕಪ್ಪಿಟ್ಟಿತು. "ಬಿತ್ತನೆ ಕಾಳು ತಗೊಂಡ್ರಾ? ಯಾರು, ಸುಬೇದಾರರಾ?" ಅಂತ ಮತ್ತೆ ಮತ್ತೆ ಕೇಳಿದ. ಅವಳು ಹೋದಳು, ಕುಂಬಾರನ ಹೆಂಡತಿ ಬಂದಳು, ಅವಳ ಕೈಯಲ್ಲೂ ಹಿಡಿ ಕಾಳು. ಆಮೇಲೆ ಕಮ್ಮಾರನ ತಾಯಿ. ಆಮೇಲೆ ಕೇಕಯ್ಯನೇ ಬಂದು ಕಣ್ಣು ಒರೆಸಿಕೊಂಡನಂತೆ, ದೊರೆಯ ಬಡತನ ನೆನೆದು!

ಉಪ್ಪು ಅರ್ಧ ಮಾರಿದ್ದ, ಅರ್ಧ ಉಳಿದಿತ್ತು. ಹಾಗೇ ಬಿಟ್ಟು ಸೌವೀರ ಕತ್ತೆ ಹತ್ತಿ ಪಡುವಣಕ್ಕೆ ಹೊರಟುಹೋದ.

ಬೈಗುಳ ಕೇಳಿದ ದೊರೆ ಕುದುರೆ ಕಳಿಸುತ್ತಿದ್ದ. ಕನಿಕರ ಕೇಳಿದಾಗ ಸಿಂಹಾಸನದಿಂದ ಎದ್ದೇಬಿಟ್ಟನಂತೆ. ಕುದುರೆಯವರು ಈ ಸಲ ಊರೊಳಗೆ ಬರಲಿಲ್ಲ, ನೆಟ್ಟಗೆ ಕೋಟೆಗೆ ನುಗ್ಗಿದರು. ಉಗ್ರಾಣದ ಬಾಗಿಲು ಒಡೆದರೆ ಊರಿನ ಕಾಳೆಲ್ಲ ಅಲ್ಲೇ, ಹುಳ ಬಿದ್ದು ಪುಡಿಯಾಗುತ್ತಿತ್ತು. ಸುಬೇದಾರ ದೊರೆಗೆ ಅಂತ ತೋರಿಸುತ್ತಿದ್ದ ಆ ಕೈಯನ್ನೇ ಮೊದಲು ಕಟ್ಟಿದರಂತೆ. ಸೆರೆಯಲ್ಲಿದ್ದವರ ಬಗ್ಗೆ ದೊರೆ ಹೇಳಿ ಕಳಿಸಿದ್ದನಂತೆ: "ಆ ಬೈಗುಳ ನನಗೆ ಸಲ್ಲಬೇಕಾದ್ದಲ್ಲ, ಸುಬೇದಾರನಿಗೆ. ಬೈದವರನ್ನು ಮನೆಗೆ ಬಿಡಿ."

ಕಮ್ಮಾರ ಬಂದ, ಕುರಿಯವನು ಬಂದ. ಸುದಾಸ ಗಡ್ಡ ಬಿಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತ. ತಾಯಿ ಅವನನ್ನು ಮುಟ್ಟುವ ಮೊದಲು ಸೊಸೆಯ ಕೈ ಹಿಡಿದು ಮುಂದೆ ತಳ್ಳಿದಳಂತೆ. "ಮೊದಲು ಅವಳನ್ನ ಮಾತಾಡ್ಸು. ನಾವು ಅವಳನ್ನ ಬಹಳ ನೋಯಿಸಿದ್ದೀವಿ" ಅಂದಳಂತೆ.

ಸ್ವಲ್ಪ ದಿನಕ್ಕೆ ಸೌವೀರನೂ ಉಪ್ಪು ಹೇರಿಕೊಂಡು ತಿರುಗಿ ಬಂದ, ಏನೂ ಆಗದವನ ಹಾಗೆ. ಮಾದ್ರವ್ವನ ಜಗಲಿ ಮೇಲೆ ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ, "ಅವ್ವಾ, ಊರಲ್ಲಿ ಆ ದೊರೆಯ ಕಿವಿ ಯಾರು ಅಂತ ಕೊನೆಗೂ ಗೊತ್ತಾಗಲೇ ಇಲ್ಲವಾ?"

"ಎಲ್ಲಿ ಗೊತ್ತಾಗ್ತದಪ್ಪ. ನಾವು ಹೊಳೆ ದಂಡೆ ಜನ, ನಮಗೇನು ತಿಳೀತದೆ" ಅಂದಳಂತೆ ಮಾದ್ರವ್ವ. "ಕೂತ್ಕೋ, ಉಂಡು ಹೋಗು. ಹೊಸ ಸುಬೇದಾರರು ಬಂದಿದಾರೆ, ಅವರ ವಿಚಾರ ಸ್ವಲ್ಪ ಮಾತಾಡೋದಿದೆ."

ಅವರು ಸಿಂಧೂ ಆಚೆ ದಂಡೇಲಿ ಉಂಡು ಮಲಗಿದರು, ನಾವು ಈಚೆ ದಂಡೇಲಿ ಹಸಿದು ಕೂತಿದ್ದೀವಿ. ಏಳಿ, ತಟ್ಟೆ ಹಾಕಿ.