ಬಿಸಿಲು ಕುಡಿದ ಸಾದಾ ರೀಲು

ದ್ಯಾಮಣ್ಣನ ಫೋಟೋ ಸ್ಟುಡಿಯೋದ ಫ್ರಿಜ್ಜಿನಲ್ಲಿ, ಚಿತ್ರ ತೆಗೆದು ಪರದೆಯ ಮೇಲೆ ತೋರಿಸುವ ಎರಡು ಹೊಸ ಸ್ಲೈಡ್ ರೀಲುಗಳಿದ್ದವು. ರಂಗಿನ ರೀಲು ಕಂಡದ್ದಕ್ಕೆಲ್ಲ ಬಣ್ಣ ಏರಿಸುವಂಥದ್ದು. ಸಾದಾ ರೀಲು ಇದ್ದದ್ದನ್ನು ಇದ್ದಂತೆ ತೋರಿಸುವಂಥದ್ದು.

“ಮದುವೆಗೂ ನಾವೇ, ಮಂತ್ರಿಗಳ ಮೆರವಣಿಗೆಗೂ ನಾವೇ. ನಿನ್ನನ್ನು ಯಾರು ಕೇಳ್ತಾರೆ, ತಂಗಿ?” ಎಂದಿತು ರಂಗಿನ ರೀಲು.

ಸಾದಾ ರೀಲಿನ ಹೊಟ್ಟೆ ಉರಿಯಿತು. “ಇಷ್ಟು ಬಣ್ಣ ಎಲ್ಲಿಂದ ಬಂತಕ್ಕ?”

“ಬಿಸಿಲಿಗೆ ಮೈಯೊಡ್ಡಿ ನೋಡು.”

ಫ್ರಿಜ್ಜಿನ ಬಾಗಿಲು ತೆರೆದ ಹೊತ್ತಿಗೆ ಸಾದಾ ರೀಲು ಉರುಳಿ ಹೊರಬಿತ್ತು. ಕಿಟಕಿಯಡಿ ಸುರುಳಿ ಬಿಚ್ಚಿಕೊಂಡು ಹೊಟ್ಟೆತುಂಬ ಬಿಸಿಲು ಕುಡಿಯಿತು.

“ಕಾರ್ಖಾನೆ ನಮ್ಮ ಹೊಳೆಗೆ ವಿಷ ಬಿಟ್ಟದ್ದನ್ನು ಊರ ಸಭೆಗೆ ತೋರಿಸಬೇಕು. ಸಾದಾ ರೀಲೇ ಆಗಬೇಕು,” ಎನ್ನುತ್ತ ದ್ಯಾಮಣ್ಣ ಹುಡುಕಿದ. ಸಿಕ್ಕಿದ್ದು ಬೆಳಕು ತಗಲಿ ಕೆಟ್ಟುಹೋದ ಸುರುಳಿ. ವಿಧಿಯಿಲ್ಲದೆ ರಂಗಿನ ರೀಲನ್ನೇ ಒಯ್ದು ಹೊಳೆಯ ಚಿತ್ರ ತೆಗೆದ.

ಸಭೆಯ ಪರದೆಯ ಮೇಲೆ ಕೊಳೆತ ನೀರು ಪಚ್ಚೆಯಂತೆ ಥಳಥಳಿಸಿತು. ಮೊದಲು ಚಪ್ಪಾಳೆ ತಟ್ಟಿದವನು ಕಾರ್ಖಾನೆಯ ಧಣಿ.